ನಲವತ್ತೊಂದನೇ ಬಿಲ್ಲೆ

ಮದ್ದೂರು
14-3-1943

ಬೋರಯ್ಯನಿಗೆ ದಸ್ತಗೀರನ ಸಲಾಂ.

ನಿನ್ನ ಕಾಗದ ಬರುವುದಕ್ಕೆ ಮೂವತ್ತೊಂದು ದಿನ ತೆಗೆದುಕೊಂಡಿತು. ಅಸ್ಸಾಮಿನಿಂದ ಎತ್ತಿನ ಗಾಡಿಯಲ್ಲಿ ಕಳಿಸಿದೆಯೋ ಹೇಗೆ? ಬಂದ ದಿನವೇ ಉತ್ತರ ಬರೆಯುತ್ತಿದ್ದೇನೆ. ತಡವಾದರೆ ತಪ್ಪು ಸರ್ಕಾರದ್ದು, ನನ್ನದಲ್ಲ.

ಲಕೋಟೆಯ ಮೇಲೆ ನೀನು ಹೇಳಿದಂತೆ ‘ಕೆಂಪಸಿದ್ದಯ್ಯ’ ಎಂದೇ ಬರೆದಿದ್ದೇನೆ. ಒಳಗೆ ಮಾತ್ರ ನಿನ್ನ ಹೆಸರು. ಕಾಗದ ಒಡೆದು ನೋಡುವ ದೊರೆಗೆ ಕನ್ನಡ ಬಾರದಿರಲಿ. ಪಟೇಲರು ಕೊಟ್ಟ ವಯಸ್ಸಿನ ಚೀಟಿ ತಮ್ಮ ಸಿದ್ದನದು, ರಸ್ತೆ ಕೆಲಸದ ದಂಡಿಗೆ ಹೋದ ಮೈ ಅಣ್ಣನಾದ ನಿನ್ನದು. ನಲವತ್ತು ದಾಟಿದವರು ಬೇಡ ಎಂದು ಮಂಡ್ಯದಲ್ಲಿ ಭರ್ತಿ ಮಾಡುವವರು ಹೇಳಿದ ಮೇಲೆ ನೀನಾದರೂ ಏನು ಮಾಡುತ್ತಿದ್ದೆ. ಇತ್ತ ಗಿರಣಿಯ ಹಾಜರಿ ಪುಸ್ತಕದಲ್ಲಿ ಬೋರಯ್ಯ, ಬೆಸಗರಹಳ್ಳಿ, ಬಿಲ್ಲೆ ನಂಬರು ನಲವತ್ತೊಂದು, ದಿನವೂ ಹಾಜರ್. ಹಿತ್ತಾಳೆ ಬಿಲ್ಲೆ ಸಿದ್ದನ ಕೊರಳಲ್ಲಿದೆ. ಹೊಸ ಹೆಸರು ಬರೆಸಿದರೆ ಅವನು ಆಳುಗಳ ಕೊನೆಯ ಸಾಲಿಗೆ ಹೋಗಬೇಕು, ನೀನು ಬಂದಾಗ ನಿನ್ನ ಹನ್ನೊಂದು ವರ್ಷದ ಜಾಗವೂ ಇರುವುದಿಲ್ಲ. ‘ಮನೆ ಒಂದೇ ಅಲ್ವಾ ಸಾಬ್ರೆ, ಬಿಲ್ಲೆ ಯಾರ ಕೊಳ್ನಲ್ಲಿದ್ರೇನು?’ ಎಂದು ನೀವಿಬ್ಬರೂ ಕೇಳಿದಿರಿ, ಮೇಸ್ತ್ರಿಯಾದ ನಾನು ತಲೆಯಾಡಿಸಿದೆ. ಅಣ್ಣನ ಬಿಲ್ಲೆಗೆ ತಮ್ಮ, ಅಪ್ಪನ ಬಿಲ್ಲೆಗೆ ಮಗ ಬರುವುದು ಇಲ್ಲಿ ಹೊಸದಲ್ಲ. ನಾಟಿಯ ತಿಂಗಳಲ್ಲಿ ಪುಸ್ತಕದ ಹೆಸರಿಗೂ ಎದುರು ನಿಂತ ಮುಖಕ್ಕೂ ನಂಟೇ ಇರುವುದಿಲ್ಲ.

ಸಿದ್ದನಿಗೆ ನಿನ್ನ ಕಾಗದ ಎರಡು ಸಲ ಓದಿ ಹೇಳಿದೆ. ಅವನು ಹೇಳಿದ್ದು ಹೀಗೆ: ‘ಅಲ್ಲಿ ಮುದ್ದೆ ಸಿಕ್ತದಾ ಕೇಳಿ ಸಾಬ್ರೆ. ಬರೀ ಅನ್ನ ತಿಂದ್ರೆ ನಮ್ಮಣ್ಣಂಗೆ ಒಟ್ಟೆ ತುಂಬಕಿಲ್ಲ, ಒಟ್ಟೆ ತುಂಬ್ದಿದ್ರೆ ಕ್ವಾಪ ಬತ್ತದೆ, ಕ್ವಾಪ ಬಂದ್ರೆ ದೊರೆಗೇ ಬೈದ್‌ಬುಡ್ತಾನೆ.’ ಪ್ರತಿ ಸಲವೂ ಮೊದಲ ಪ್ರಶ್ನೆ ಮುದ್ದೆಯದೇ. ಅವನ ಹೆಂಡತಿ ಸಣ್ಣತಾಯಮ್ಮನಿಗೆ ನಾಲ್ಕು ತಿಂಗಳು. ಅದನ್ನು ಹೇಳುವಾಗ ಅವನು ನಾಚಿಕೊಂಡು ಎಂಜಿನ್ ಮನೆಯ ಹಿಂದೆ ಹೋಗಿ ನಿಂತ.

ಮೊನ್ನೆ ಕಾರ್ಖಾನೆ ಇನ್‌ಸ್ಪೆಕ್ಟರು ಬಂದಿದ್ದರು. ತಿರುಗುವ ಬೆಲ್ಟಿಗೆ ತಂತಿಬಲೆ ಇರಬೇಕೆಂದು ಕಾನೂನು. ಬೆಳಿಗ್ಗೆ ನಾನೇ ಬಲೆ ಹೊರಗೆ ತೆಗೆದು, ಧೂಳು ಒರೆಸಿ, ಬೋಲ್ಟು ಬಿಗಿದೆ. ಅವರು ನೋಡಿದರು, ಕಾಫಿ ಕುಡಿದರು, ಸಹಿ ಹಾಕಿದರು. ಸಂಜೆ ನಾನೇ ಕಳಚಿ ಒಳಗಿಟ್ಟೆ. ವರ್ಷಕ್ಕೊಂದು ದಿನ ಹೊರಗೆ ಬಂದು ಮುಖ ತೋರಿಸಿ ಹೋಗುವ ಸೊಸೆ ಅದು. ಬಲೆ ಹಾಕಿಕೊಂಡು ಬೆಲ್ಟು ಜಾರದಂತೆ ರಾಳ ಎರಚುವುದು ಹೇಗೆ? ಮೋಟಾರು ನಿಲ್ಲಿಸಿದರೆ ಸಾಹುಕಾರರ ಉಸಿರೇ ನಿಲ್ಲುತ್ತದೆ. ಯುದ್ಧದ ಕಾಲ, ಎರಡು ಪಾಳಿ ಅಕ್ಕಿ ಆಗುತ್ತಿದೆ.

ನಮ್ಮ ಮನೆಯಾಕೆ ಜೈನಾಬ್ ಬೀ ತೀರಿಹೋದ ಮೇಲೆ ಭಾನುವಾರ ನನಗೆ ಊಟ ತರುವವನು ನಿನ್ನ ತಮ್ಮನೇ. ಅವನ ಚಿಂತೆ ನಿನಗೆ ಬೇಡ.

ದಸ್ತಗೀರ್

•

16-4-1943

ಮೇಸ್ತ್ರಿ ಸಾಹೇಬರಿಗೆ ಬೋರಯ್ಯ ಮಾಡುವ ನಮಸ್ಕಾರ.

ಊರಿನ ಹೆಸರು ಬರೆಯಬಾರದಂತೆ. ಬರೆಯಬಹುದಾದ ಊರೂ ಇಲ್ಲಿಲ್ಲ. ಬೆಟ್ಟ ಕಡಿಯುತ್ತೇವೆ, ಕಲ್ಲು ಹಾಕುತ್ತೇವೆ, ಮಳೆ ಬಂದು ರಸ್ತೆಯನ್ನು ಕೆಳಗಿನ ಹೊಳೆಗೆ ತೆಗೆದುಕೊಂಡು ಹೋಗುತ್ತದೆ, ಮತ್ತೆ ಕಡಿಯುತ್ತೇವೆ. ಕನ್ನಡ ಬಲ್ಲವನೊಬ್ಬನಿದ್ದ. ಅವನನ್ನು ಬೇರೆ ದಳಕ್ಕೆ ಹಾಕಿದರು. ಅವನು ಹೋದ ಮೇಲೆ ನಾನು ಬಾಯಿಬಿಟ್ಟು ಮಾತಾಡಿ ಇಪ್ಪತ್ತು ದಿನವಾಯಿತು. ರಾತ್ರಿ ಕಂಬಳಿಯೊಳಗೆ ನಾನೇ ಒಂದೆರಡು ಮಾತು ಆಡಿ ನೋಡುತ್ತೇನೆ, ಮರೆತುಹೋಗಬಾರದಲ್ಲ.

ಬೆಳಿಗ್ಗೆ ಹಾಜರಿ ಕೂಗುವಾಗ ‘ಕೆಂಪಸಿದ್ದಯ್ಯ’ ಎಂದರೆ ಮೊದಮೊದಲು ನಾನು ಹಿಂದಕ್ಕೆ ತಿರುಗಿ ನೋಡುತ್ತಿದ್ದೆ, ಸಿದ್ದ ಬಂದನೇನೋ ಎಂದು. ಈಗ ತಿರುಗುವುದಿಲ್ಲ. ಆದರೂ ಅವನ ಹೆಸರು ದಿನಕ್ಕೆ ಎರಡು ಸಲ ಕಿವಿಗೆ ಬೀಳುತ್ತದೆ, ಅದೊಂದು ಒಳ್ಳೆಯದು.

ನೀವು ಬಲೆಯ ವಿಷಯ ತಮಾಷೆಯಾಗಿ ಬರೆದಿರಿ, ನಾನೂ ನಕ್ಕೆ. ಆಮೇಲೆ ಮಲಗಿದರೆ ನಿದ್ದೆ ಬರಲಿಲ್ಲ. ಹನ್ನೊಂದು ವರ್ಷ ಆ ಬೆಲ್ಟಿಗೆ ರಾಳ ಎರಚಿದವನು ನಾನು, ಅದು ಯಾವಾಗ ಕಚ್ಚುತ್ತದೆಂದು ನನಗೆ ಗೊತ್ತು, ಸಿದ್ದನಿಗೆ ಗೊತ್ತಿಲ್ಲ. ಗೂಟದ ಮೇಲೆ ನನ್ನ ಹಳೆಯ ವಲ್ಲಿ ಬಿಟ್ಟು ಬಂದಿದ್ದೇನೆ, ಅವನು ಅದನ್ನು ಹೆಗಲ ಮೇಲೆ ಹಾಕಿಕೊಂಡೇ ಬರುತ್ತಾನೆ. ಅವನಿಗೆ ಈ ಸಾಲು ಓದಿ ಹೇಳಿ: ‘ಲೇ ಸಿದ್ದ, ಬೆಲ್ಟಿನ ತಾವ ಓಗ್ಬೇಕಾದ್ರೆ ವಲ್ಲಿ ಬಿಚ್ಚಿಡ್ಲಾ. ಬಲೆ ಇಲ್ದಿದ್ರೆ ಮೋಟ್ರು ನಿಲ್ಸಿ ಅನ್ನು. ಸಾವ್ಕಾರ್ರು ಬೈದ್ರೆ ಬೈಸ್ಕೊ.’

ಹೆಣ್ಣಾದರೆ ನಮ್ಮವ್ವನ ಹೆಸರು, ಬೆಳ್ಳಮ್ಮ. ಗಂಡಾದರೆ ಅವರಿಷ್ಟ. ಮುದ್ದೆ ಇಲ್ಲಿ ಸಿಗುವುದಿಲ್ಲ ಎಂದು ಹೇಳಿ.

ಬೋರಯ್ಯ

•

ಮದ್ದೂರು
6-6-1943

ಬೋರಯ್ಯನಿಗೆ,

ನಿನ್ನ ಕಾಗದ ತಲುಪಿತು. ಇಲ್ಲಿ ಮಳೆ ಚೆನ್ನಾಗಿದೆ. ದೊಡ್ಡಿಯ ಕಡೆ ಕಬ್ಬು ಏಳುತ್ತಿದೆ. ಗಿರಣಿ ಹತ್ತು ದಿನ ನಿಂತಿತ್ತು, ಈಗ ನಡೆಯುತ್ತಿದೆ. ಬೆಲ್ಟುಗಳಿಗೆ ಬಲೆ ಹಾಕಿದ್ದೇವೆ, ಅದಿನ್ನು ತೆಗೆಯುವುದಿಲ್ಲ.

ಸಣ್ಣತಾಯಮ್ಮ ಚೊಚ್ಚಲ ಹೆರಿಗೆಗೆಂದು ಮಳವಳ್ಳಿಯ ತೌರಿಗೆ ಹೋಗಿದ್ದಾಳೆ. ಸ್ವಲ್ಪ ಬೇಗನೆ ಹೋದಳು.

ಸಿದ್ದನಿಂದ ಈ ಸಲ ಮಾತು ಹೇಳಿಸಿ ಬರೆಯಲಾಗಲಿಲ್ಲ. ಮೈ ನೋಡಿಕೊ.

ದಸ್ತಗೀರ್

•

10-7-1943

ಮೇಸ್ತ್ರಿ ಸಾಹೇಬರಿಗೆ ನಮಸ್ಕಾರ.

ಬಲೆ ಹಾಕಿದಿರಿ ಎಂದು ಓದಿ ನಿಮಗೆ ಕೈಮುಗಿದೆ. ನನ್ನ ಮಾತು ಕೇಳಿ ಹಾಕಿಸಿದಿರಿ. ಇಷ್ಟು ದೂರದಿಂದ ಹೇಳಿದ ಮಾತಿಗೆ ಬೆಲೆ ಬಂತಲ್ಲ ಎಂದು ಆ ದಿನ ಪೂರ್ತಿ ಗುದ್ದಲಿ ಹಗುರಾಗಿತ್ತು.

ಸಿದ್ದ ಮಾತು ಹೇಳಲಿಲ್ಲ ಎಂದಿರಿ. ಅವನಿಗೆ ನನ್ನ ಮೇಲೆ ಮುನಿಸು ಎಂದು ನನಗೆ ಗೊತ್ತಾಗಿದೆ. ಹೊರಡುವ ದಿನ ಬಿಲ್ಲೆ ಅವನ ಕೊರಳಿಗೆ ಹಾಕುತ್ತ ‘ನನ್ನೆಸ್ರು ಕೆಡಿಸ್ಬೇಡ ಕಣ್ಲಾ’ ಎಂದೆ. ಅವನ ಹೆಂಡತಿಯ ಎದುರಿಗೇ ಅಂದೆ. ಅವನ ಮುಖ ಸಣ್ಣದಾಯಿತು. ಹೆಂಡತಿ ತೌರಿಗೆ ಹೋದ ಮೇಲೆ ಒಬ್ಬನೇ ಕೂತು ಅದನ್ನೇ ಮೆಲುಕು ಹಾಕುತ್ತಿರಬೇಕು. ತಪ್ಪು ನನ್ನದೆಂದು ಹೇಳಿ. ಅವನು ನನ್ನ ಹೆಸರು ಚೆನ್ನಾಗಿಯೇ ಇಟ್ಟುಕೊಂಡಿದ್ದಾನೆ, ನಾನೂ ಅವನದನ್ನು ಕೆಡಿಸಿಲ್ಲ.

ಅಕ್ಷರ ಸೊಟ್ಟಗಿದ್ದರೆ ಕ್ಷಮಿಸಿ. ಚಳಿಗೆ ಕೈ ನಡುಗುತ್ತದೆ.

ಬೋರಯ್ಯ

•

ಮದ್ದೂರು
14-8-1943

ಬೋರಯ್ಯನಿಗೆ,

ಆಷಾಢ ಶ್ರಾವಣದಲ್ಲಿ ಕೈ ನಡುಗುವ ಚಳಿ ಎಂಥದ್ದೆಂದು ನನಗೂ ಗೊತ್ತು, ನಿನಗೂ ಗೊತ್ತು. ಡಾಕ್ಟರ ಹತ್ತಿರ ಹೋಗಿ ಕ್ವಿನೈನು ಕೇಳಿ ತಗೊ, ಜ್ವರ ಮುಚ್ಚಿಡಬೇಡ.

ಮಳವಳ್ಳಿಯಲ್ಲಿ ಹೆಣ್ಣು ಮಗು. ಬೆಳ್ಳಮ್ಮ ಎಂದೇ ಕರೆದಿದ್ದಾರೆ. ನಾನೇ ಹೋಗಿ ನೋಡಿ ಬಂದೆ. ಕಿವಿ ನಿಮ್ಮ ಮನೆಯದು, ಎರಡೂ ಹೊರಕ್ಕೆ ನಿಂತಿವೆ.

ಸಿದ್ದನಿಗೆ ನಿನ್ನ ಮೇಲೆ ಮುನಿಸಿಲ್ಲ. ಅವನು ಹೇಳಿದ್ದು: ‘ಅಣ್ಣನವರಿಗೆ ನಮಸ್ಕಾರ. ನಾನು ಕ್ಷೇಮವಾಗಿದ್ದೇನೆ. ನೀವು ಚಿಂತೆ ಮಾಡಬಾರದು.’

ದಸ್ತಗೀರ್

•

16-9-1943

ಮೇಸ್ತ್ರಿ ಸಾಹೇಬರೆ,

ಸಿದ್ದ ಹುಟ್ಟಿದಂದಿನಿಂದ ನನಗೆ ನಮಸ್ಕಾರ ಹೇಳಿದವನಲ್ಲ. ನನ್ನನ್ನು ‘ನೀವು’ ಅಂದವನೂ ಅಲ್ಲ. ಮಗಳು ಹುಟ್ಟಿದ್ದಾಳೆ, ಅವಳ ಸುದ್ದಿ ಒಂದು ಮಾತು ಆಡಲಿಲ್ಲ. ಮುದ್ದೆ ಕೇಳಲಿಲ್ಲ.

ಇದು ಸಿದ್ದನ ಮಾತಲ್ಲ, ನಿಮ್ಮ ಮಾತು. ನೀವು ಗಿರಣಿಯಲ್ಲಿ ಯಾರಿಗೆ ಯಾವ ಸುಳ್ಳು ಹೇಳಿದರೂ ನನಗೆ ಹೇಳಿದವರಲ್ಲ.

ನನ್ನ ತಮ್ಮ ಎಲ್ಲಿ?

ಬೋರಯ್ಯ

•

ಮದ್ದೂರು
18-10-1943

ಬೋರಯ್ಯ,

ಸಿದ್ದ ಮೇ 24ನೇ ತಾರೀಖು ಸೋಮವಾರ ಹೋದ. ಇಂದಿಗೆ ನೂರ ನಲವತ್ತೇಳು ದಿನ. ದಿನಗಳನ್ನು ಎಣಿಸಿದೆನೇ ಹೊರತು ನಿನಗೆ ಬರೆಯಲಿಲ್ಲ.

ಬೆಳಗಿನ ಪಾಳಿ. ಬೆಲ್ಟು ಜಾರುತ್ತಿತ್ತು. ಸಿದ್ದ ರಾಳದ ಪುಡಿ ಹಿಡಿದು ಹೋದ. ಬಲೆ ಇರಲಿಲ್ಲ. ವಲ್ಲಿಯ ಅಂಚನ್ನು ಬೆಲ್ಟು ಹಿಡಿದುಕೊಂಡಿತು. ನಾನು ಸ್ವಿಚ್ಚಿನ ಹತ್ತಿರವೇ ಇದ್ದೆ. ಹತ್ತಿರ ಅಂದರೆ ಆರು ಹೆಜ್ಜೆ. ಆಸ್ಪತ್ರೆಯ ಬಾಗಿಲವರೆಗೆ ಉಸಿರಿತ್ತು, ಮಾತಿರಲಿಲ್ಲ.

ಮೂರು ವಿಷಯ ನಿನಗೆ ಗೊತ್ತಾಗಬೇಕು. ಒಂದು, ಆ ಬಲೆಯನ್ನು ಕಳಚಿದ್ದು ನನ್ನ ಸ್ಪ್ಯಾನರು. ಸಾಹುಕಾರರು ಹೇಳಿದರು, ನಿಜ, ಆದರೆ ಕೈ ನನ್ನದು. ಇನ್ನೊಂದು, ನಿನ್ನ ಏಪ್ರಿಲ್ ಕಾಗದ ಆ ಸೋಮವಾರಕ್ಕೆ ಒಂಬತ್ತು ದಿನ ಮೊದಲೇ ತಲುಪಿತ್ತು. ಸಿದ್ದನಿಗೆ ಓದಿ ಹೇಳುವಾಗ ಸಾಹುಕಾರರು ಪಕ್ಕದಲ್ಲೇ ಮೂಟೆ ನೋಡುತ್ತ ನಿಂತಿದ್ದರು. ಬಲೆಯ ಮಾತು ಅವರ ಕಿವಿಗೆ ಬೀಳುವುದು ಬೇಡವೆಂದು ಆ ಸಾಲು ಬಿಟ್ಟು ಓದಿದೆ. ಸಂಜೆ ಹೇಳಿದರಾಯಿತು ಅಂದುಕೊಂಡೆ. ಒಂಬತ್ತು ಸಂಜೆ ಬಂದು ಹೋದವು. ನೀನು ಕೈಮುಗಿದೆ ಎಂದು ಬರೆದಿದ್ದೆಯಲ್ಲ, ಆ ಕಾಗದವನ್ನು ನಾನು ಎರಡನೇ ಸಲ ಓದಿಲ್ಲ.

ಮೂರನೆಯದು ಹೀಗೆ. ಆಸ್ಪತ್ರೆಯಲ್ಲಿ ಹೆಸರೇನು ಎಂದು ಕೇಳಿದರು. ಕೊರಳಲ್ಲಿ ಬಿಲ್ಲೆ ಇತ್ತು, ಪಕ್ಕದಲ್ಲಿ ಸಾಹುಕಾರರಿದ್ದರು. ಸುಳ್ಳು ಬಿಲ್ಲೆಗೆ ಹಾಜರಿ ಕೊಟ್ಟ ಮೇಸ್ತ್ರಿ ನಾನು. ‘ಬೋರಯ್ಯ’ ಅಂದೆ. ಪೊಲೀಸರೂ ಹಾಗೆಯೇ ಬರೆದುಕೊಂಡರು. ಸರ್ಕಾರದ ಕಾಗದದಲ್ಲಿ ಸತ್ತವನು ನೀನು. ಸಿದ್ದ ಬದುಕಿದ್ದಾನೆ, ಅಸ್ಸಾಮಿನಲ್ಲಿ ರಸ್ತೆ ಮಾಡುತ್ತಿದ್ದಾನೆ.

ಮಗುವನ್ನು ನೋಡಿ ಬಂದ ಮೇಲೆ ಮತ್ತೆ ಮಳವಳ್ಳಿಗೆ ಹೋಗಿ ಸಣ್ಣತಾಯಮ್ಮನನ್ನು ಒಬ್ಬ ವಕೀಲರ ಹತ್ತಿರ ಕರೆದುಕೊಂಡು ಹೋದೆ. ಕೆಲಸದಲ್ಲಿ ಸತ್ತ ಕೂಲಿಯವನ ಹೆಂಡತಿ ಮಕ್ಕಳಿಗೆ ಗಿರಣಿಯವರು ಪರಿಹಾರ ಕೊಡಲೇಬೇಕೆಂದು ಕಾನೂನಿದೆಯಂತೆ. ಯಾರ ದಯೆಯೂ ಅಲ್ಲ, ಹಕ್ಕು. ಅರ್ಜಿ ಹಾಕಿಸಿದೆವು. ಸಾಹುಕಾರರ ಕಡೆಯ ಉತ್ತರ ನಾಲ್ಕೇ ಸಾಲು: ಕೆಂಪಸಿದ್ದಯ್ಯ ಎಂಬವನು ನಮ್ಮಲ್ಲಿ ಎಂದೂ ಕೆಲಸಕ್ಕಿರಲಿಲ್ಲ, ಅವನು ದಂಡಿನಲ್ಲಿ ಜೀವಂತವಾಗಿದ್ದಾನೆ, ಸತ್ತವನು ಬೋರಯ್ಯ, ಬೋರಯ್ಯನಿಗೆ ಹೆಂಡತಿ ಮಕ್ಕಳಿಲ್ಲ. ಹಳ್ಳಿಯವರು ಬಂದು ಹೇಳಿದರೆ ನೆಂಟರ ಮಾತು ಅನ್ನುತ್ತಾರೆ. ನಮ್ಮ ಉಪಾಯವನ್ನೇ ಹಗ್ಗ ಮಾಡಿಕೊಂಡು ಅವಳ ಕೈ ಕಟ್ಟಿದ್ದಾರೆ.

ವಿಚಾರಣೆ ಮಂಡ್ಯದಲ್ಲಿ, ಫೆಬ್ರವರಿ 21ಕ್ಕೆ. ಗಂಟು ಬಿಚ್ಚಬಲ್ಲವನು ನೀನೊಬ್ಬನೇ. ನಿನ್ನ ಸಾಹೇಬನ ಮುಂದೆ ನಿಂತು ‘ನಾನು ಕೆಂಪಸಿದ್ದಯ್ಯನಲ್ಲ, ಬೋರಯ್ಯ’ ಎಂದು ಹೇಳಬೇಕು. ಹೇಳಿದರೆ ಸುಳ್ಳು ಹೆಸರಿಗೆ ಭರ್ತಿಯಾದವನೆಂದು ಶಿಕ್ಷೆಯಾಗಬಹುದು. ಇಲ್ಲಿನ ಜಾಗವಂತೂ ಹೋದಂತೆಯೇ. ಹೇಳು ಎಂದು ಹೇಳುವ ಮುಖ ನನಗಿಲ್ಲ. ಇರುವುದನ್ನು ಇರುವಂತೆ ಬರೆದಿದ್ದೇನೆ.

ನಾನು ಸಾಕ್ಷಿ ಹೇಳುತ್ತೇನೆ. ಬಲೆಯದನ್ನೂ ಹೇಳುತ್ತೇನೆ.

ದಸ್ತಗೀರ್

•

ಬೆಸಗರಹಳ್ಳಿ
2-12-1943

ಬೋರಯ್ಯನಿಗೆ,

ನಿನ್ನ ಉತ್ತರವಿಲ್ಲ. ದಿನ ಎಣಿಸಿ ನೋಡಿದರೆ ಬರುವ ಹೊತ್ತು ಇನ್ನೂ ಆಗಿಲ್ಲ, ಆದರೂ ಬರೆಯುತ್ತಿದ್ದೇನೆ. ಬೇರೆ ಯಾರಿಗೆ ಬರೆಯಲಿ?

ಮೇಲಿನ ಊರು ಬದಲಾಗಿರುವುದನ್ನು ನೋಡಿರಬೇಕು. ಸಾಕ್ಷಿಗಳ ಪಟ್ಟಿಯಲ್ಲಿ ನನ್ನ ಹೆಸರು ಕಂಡ ದಿನವೇ ಸಾಹುಕಾರರು ಕರೆಸಿ, ‘ಏನು ದಸ್ತಗೀರ್, ಉಪ್ಪು ತಿಂದ ಮನೆ ಮರೆತೆಯಾ?’ ಎಂದರು. ‘ಬೋಲ್ಟಿನ ಲೆಕ್ಕ ಕೇಳ್ತಾರೆ ಸ್ವಾಮಿ, ಹೇಳದೆ ಹೇಗಿರ್ಲಿ?’ ಎಂದೆ. ಸಂಜೆಯೊಳಗೆ ಕೆಲಸವೂ ಹೋಯಿತು, ಗಿರಣಿಯ ಹಿಂದಿನ ಕೋಣೆಯೂ ಹೋಯಿತು. ಇಪ್ಪತ್ತಾರು ವರ್ಷದ ಸಾಮಾನು ಒಂದೇ ಗಾಡಿಗೆ ಸಾಲಿತು, ಗಾಡಿಯಲ್ಲಿ ಇನ್ನೂ ಜಾಗ ಉಳಿದಿತ್ತು. ನಿಮ್ಮೂರಿನ ಬಸ್ಸು ನಿಲ್ಲುವ ಕಡೆ ತಗಡಿನ ಮಾಡು ಹಾಕಿಕೊಂಡು ಸೈಕಲ್ಲು, ಪಂಪು ರಿಪೇರಿಗೆ ಕೂತಿದ್ದೇನೆ. ಊರಿನವರು ಸೈಕಲ್ಲು ಕೊಡುತ್ತಾರೆ, ಮಾತು ಕೊಡುವುದಿಲ್ಲ. ಬಲೆ ಕಳಚಿದವನು ಯಾರೆಂದು ಅವರಿಗೆ ನಾನೇ ಹೇಳಿದ್ದೇನೆ.

ನಿನ್ನ ಮನೆಯ ಬೀಗ ತೆಗೆದು ವಾರಕ್ಕೊಮ್ಮೆ ಗುಡಿಸುತ್ತೇನೆ. ಬೈಯುವುದಿದ್ದರೆ ಬೈದು ಬರೆ. ಬೈಗುಳವಾದರೂ ಬರಲಿ.

ದಸ್ತಗೀರ್

•

ಬೆಸಗರಹಳ್ಳಿ
30-4-1944

ಬೋರಯ್ಯನಿಗೆ ದಸ್ತಗೀರನ ಸಲಾಂ.

ನನ್ನ ಡಿಸೆಂಬರ್ ಕಾಗದ ಫೆಬ್ರವರಿ ಒಂಬತ್ತಕ್ಕೆ ನನಗೇ ತಿರುಗಿ ಬಂತು. ಒಡೆದೇ ಇರಲಿಲ್ಲ. ಮೇಲೆ ಇಂಗ್ಲಿಷಿನಲ್ಲಿ ಏನೋ ಗೀಚಿ ಮೊಹರು ಹೊಡೆದಿದ್ದರು. ಅಂಚೆಯವನಿಗೂ ತಿಳಿಯಲಿಲ್ಲ. ನೀನು ಸತ್ತೆ ಎಂದೇ ತಿಳಿದೆ. ನಿನ್ನ ಜ್ವರದ ಮಾತು ನೆನಪಾಯಿತು. ಮದ್ದೂರಿಗೆ ಓಡಿ ಪೋಸ್ಟ್ ಮಾಸ್ತರರಿಗೆ ತೋರಿಸಿದೆ. ಅವರು ಕನ್ನಡಕ ಸರಿ ಮಾಡಿಕೊಂಡು ಓದಿದರು: ‘ಈ ಹೆಸರಿನವನು ಈ ದಳದಲ್ಲಿ ಇಲ್ಲ.’

‘ಸತ್ತಿದ್ದರೆ ಹೀಗೇ ಬರೀತಾರಾ ಸ್ವಾಮಿ?’ ಎಂದೆ. ‘ಇಲ್ಲಯ್ಯ, ಸತ್ತಿದ್ರೆ ಸತ್ತ ಅಂತ್ಲೇ ಬರೀತಾರೆ’ ಎಂದರು. ನಾನು ಅಲ್ಲೇ ಕಟ್ಟೆಯ ಮೇಲೆ ಕೂತೆ. ಆ ಹೆಸರಿನವನು ಅಲ್ಲಿಲ್ಲ ಅಂದರೆ ನೀನು ಹೇಳಿಬಿಟ್ಟಿದ್ದೀಯ.

ಆ ಲಕೋಟೆಯನ್ನೇ ಮಂಡ್ಯದ ವಿಚಾರಣೆಗೆ ತೆಗೆದುಕೊಂಡು ಹೋದೆ. ಸಾಹುಕಾರರ ವಕೀಲರು ಕೆಂಪಸಿದ್ದಯ್ಯ ದಂಡಿನಲ್ಲಿ ಕ್ಷೇಮವಾಗಿದ್ದಾನೆ ಎಂದು ಓದಿ ಹೇಳುತ್ತಿದ್ದರು. ಸಣ್ಣತಾಯಮ್ಮ ಮಗುವನ್ನು ಸೊಂಟದ ಮೇಲೆ ಸರಿಮಾಡಿಕೊಂಡು ಎದ್ದಳು: ‘ಬಳೆ ಒಡೆಯೋವಾಗ ಯಾರೂ ಕಾಗ್ದ ಕೇಳ್ಲಿಲ್ಲ. ಈಗ ಬದುಕವ್ನೆ ಅಂತೀರಲ್ಲ, ಕರ್ಕೊಂಡ್ ಬನ್ನಿ ಸ್ವಾಮಿ. ಬರ್ಲಿ, ಮಗೀನ ಮಕ ನೋಡ್ಲಿ. ನಂಗೆ ನಿಮ್ ದುಡ್ಡೇ ಬ್ಯಾಡ.’ ವಕೀಲರು ಕಾಗದ ಮಡಿಸಿದರು. ನಾನು ಲಕೋಟೆ ಮೇಜಿನ ಮೇಲಿಟ್ಟೆ. ಆಮೇಲೆ ಬಿಲ್ಲೆಯದು, ಬಲೆಯದು, ಆರು ಹೆಜ್ಜೆಯದು, ಎಲ್ಲ ಹೇಳಿದೆ. ಅಧಿಕಾರಿಗಳು ತಲೆಯೆತ್ತದೆ ಬರೆದುಕೊಂಡರು.

ಅವರೇ ನಿನ್ನ ದಳಕ್ಕೆ ಬರೆದು ಕೇಳಿದರು. ಉತ್ತರ ಈ ತಿಂಗಳು ಬಂತು: ಕೆಂಪಸಿದ್ದಯ್ಯ ಎಂದು ಸೇರಿದ್ದವನು ತಾನು ಬೋರಯ್ಯನೆಂದು ನವೆಂಬರಿನಲ್ಲಿ ತಾನಾಗಿಯೇ ಬಂದು ಒಪ್ಪಿಕೊಂಡಿದ್ದಾನೆ, ಹೆಬ್ಬೆಟ್ಟೂ ಸಹಿಯೂ ಇದರೊಂದಿಗಿವೆ. ಹಾಗಾದರೆ ನನ್ನ ಕಾಗದ ಕೈಗೆ ಬಂದ ವಾರದಲ್ಲೇ ಹೋಗಿ ನಿಂತಿದ್ದೀಯ. ಮೊನ್ನೆ ಹುಕುಂ ಆಯಿತು. ಮೇ 24ರಂದು ಗಿರಣಿಯ ಕೆಲಸದಲ್ಲಿ ಸತ್ತವನು ಕೆಂಪಸಿದ್ದಯ್ಯ, ಅರ್ಜಿದಾರಳು ಅವನ ಹೆಂಡತಿ, ಬೆಳ್ಳಮ್ಮ ಅವನ ಮಗಳು. ಪರಿಹಾರ ಅಧಿಕಾರಿಗಳ ಮೂಲಕವೇ ಸಣ್ಣತಾಯಮ್ಮನ ಕೈಸೇರುತ್ತದೆ. ಅದನ್ನು ಓದಿ ಹೇಳಿದಾಗ ಅವಳು ದುಡ್ಡೆಷ್ಟೆಂದು ಕೇಳಲಿಲ್ಲ. ಗಂಡನ ಹೆಸರಿರುವ ಸಾಲು ಯಾವುದೆಂದು ಕೇಳಿ, ಅದರ ಮೇಲೆ ಬೆರಳಿಟ್ಟಳು.

ನಿನಗೇನಾಯಿತು ಎಂಬುದು ಆ ಉತ್ತರದಲ್ಲಿರಲಿಲ್ಲ. ಶಿಕ್ಷೆಯಾಯಿತೋ, ಬೇರೆ ಕಡೆ ಹಾಕಿದರೋ, ಜ್ವರ ಬಿಟ್ಟಿತೋ, ಅಧಿಕಾರಿಗಳು ಕೇಳಿರಲಿಲ್ಲ, ಅವರೂ ಹೇಳಲಿಲ್ಲ. ನೀನೂ ನನಗೊಂದು ಸಾಲು ಬರೆದಿಲ್ಲ. ಅದು ನ್ಯಾಯವೇ.

ಬಿಲ್ಲೆಯನ್ನು ಸಾಕ್ಷಿಯ ಸಾಮಾನೆಂದು ಇಟ್ಟುಕೊಂಡಿದ್ದರು, ಈಗ ತಿರುಗಿ ಕೊಟ್ಟರು. ಗಿರಣಿಗೆ ಬೇಡವಂತೆ, ನಲವತ್ತೊಂದನೇ ನಂಬರನ್ನೇ ತೆಗೆದುಹಾಕಿದ್ದಾರಂತೆ. ನಿಮ್ಮ ಮನೆಯ ಗೂಟಕ್ಕೆ ತೂಗುಹಾಕಿದ್ದೇನೆ. ವಲ್ಲಿ ಇದ್ದ ಗೂಟ.

ಈ ಲಕೋಟೆಯ ಮೇಲೆ ಮೊದಲ ಸಲ ‘ಬೋರಯ್ಯ’ ಎಂದು ಬರೆದಿದ್ದೇನೆ. ಹಿಂದಿನದು ತಿರುಗಿ ಬಂದದ್ದು ಒಳ್ಳೆಯ ಸುದ್ದಿಯಾಗಿತ್ತು. ಇದು ತಿರುಗಿ ಬಂದರೆ ಏನೆಂದು ತಿಳಿಯಲಿ? ಅಂಚೆಯವನ ಸೈಕಲ್ಲು ದಿನವೂ ಹನ್ನೊಂದು ಗಂಟೆಗೆ ಅಂಗಡಿಯ ಮುಂದೆ ಬರುತ್ತದೆ. ನಿಂತರೂ ಭಯ, ದಾಟಿ ಹೋದರೂ ಭಯ.

ಅಲ್ಲಿ ಮುದ್ದೆ ಸಿಗುತ್ತದೆಯೇ? ಕೇಳುವವನು ಇಲ್ಲದ್ದರಿಂದ ನಾನು ಕೇಳುತ್ತಿದ್ದೇನೆ.

ದಸ್ತಗೀರ್